ಡುವೊಲಿಂಗೊ ಹೀಬ್ರೂ: ಇಸ್ರೇಲಿಗೆ ಓದಲು ಹೋಗುವವರಿಗೆ ಎಷ್ಟು ಸಾಕು?

ಮಡಿಕೇರಿಯಲ್ಲಾಗಲಿ ಪೊನ್ನಂಪೇಟೆಯಲ್ಲಾಗಲಿ ಹೀಬ್ರೂ ಕಲಿಸುವವರು ಸಿಗುವುದು ಕಷ್ಟ. ಹಾಗಾಗಿ ಕೃಷಿ, ಅರಣ್ಯಶಾಸ್ತ್ರ ಓದಿ ಇಸ್ರೇಲಿನತ್ತ ನೋಡುತ್ತಿರುವವರ ಕೈಗೆ ಸುಲಭಕ್ಕೆ ಬರುವುದು ಡುವೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್. ಕಾಸಿಲ್ಲದೆ ಕಲಿಯಬಹುದು, ಜಾಹೀರಾತು ಸಹಿಸಿಕೊಳ್ಳಬೇಕು. ಪಾಠ ಮಾತ್ರ ಇಂಗ್ಲಿಷ್ ಮೂಲಕ.

ಆ್ಯಪ್ ಇಳಿಸಿಕೊಳ್ಳುವ ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ: ನೀವು ಸೇರುವ ಕೋರ್ಸ್ ಯಾವ ಭಾಷೆಯಲ್ಲಿದೆ? ರೆಹೊವೊತ್ ಊರಿನ ವೈಜ್‌ಮನ್ ಸಂಸ್ಥೆಯಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದೇ ಊರಿನಲ್ಲಿರುವ ಹೀಬ್ರೂ ವಿಶ್ವವಿದ್ಯಾಲಯದ ಕೃಷಿ ವಿಭಾಗದಲ್ಲೂ ಇಂಗ್ಲಿಷಿನ ಎಂಎಸ್ಸಿ ಕೋರ್ಸ್‌ಗಳಿವೆ. ಅಲ್ಲಿಗೆ ಹೋಗುವವರಿಗೆ ಹೀಬ್ರೂ ಬೇಕಾಗುವುದು ಬಸ್ಸಿಗೆ, ಸಂತೆಗೆ, ಮನೆ ಬಾಡಿಗೆ ಮಾತಿಗೆ. ಇಷ್ಟಕ್ಕೆ ಈ ಆ್ಯಪ್ ಒಳ್ಳೆಯ ಬುನಾದಿ.

ಹೀಬ್ರೂ ಮಾಧ್ಯಮದ ಪದವಿ ಎಂದರೆ ಲೆಕ್ಕ ಬೇರೆ. ಭಾಷೆ ಬರುತ್ತದೆಂದು ತೋರಿಸಲು ಬರೆಯುವ ಮುಖ್ಯ ಪರೀಕ್ಷೆ ಯಾಯೆಲ್. ವಾಕ್ಯ ಪೂರ್ತಿ ಮಾಡುವುದು, ಅದೇ ಅರ್ಥದ ಇನ್ನೊಂದು ವಾಕ್ಯ ಗುರುತಿಸುವುದು, ಗದ್ಯ ಓದಿ ಉತ್ತರಿಸುವುದು, ಜೊತೆಗೆ ಒಂದು ಬರವಣಿಗೆ. ಅಂಕ 50ರಿಂದ 150ರವರೆಗೆ. ಎಷ್ಟು ಬಂದರೆ ಸಾಕು ಎಂಬುದು ವಿಶ್ವವಿದ್ಯಾಲಯಕ್ಕೆ, ವಿಭಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಭಾಷೆ ಕಲಿಸುವ ಉಲ್ಪಾನ್ ತರಗತಿಗಳಲ್ಲಿ ಆಲೆಫ್ ಅಕ್ಷರದಿಂದ ವಾವ್ ಅಕ್ಷರದವರೆಗೆ ಹೆಸರಿಟ್ಟ 6 ಹಂತಗಳಿವೆ. ಆ್ಯಪ್ ಮುಗಿಸಿದವರೂ ಮೇಲಿನ ಹಂತಗಳಿಂದ ದೂರವೇ.

ಕಾರಣ ಸರಳ. ಪತ್ರಿಕೆ, ಪಠ್ಯಗಳಲ್ಲಿ ಸ್ವರಚಿಹ್ನೆ ಹಾಕುವುದಿಲ್ಲ. ಸಾಮೆಖ್, ಪೇ, ರೇಶ್ ಎಂಬ ಮೂರೇ ಅಕ್ಷರ ಸೆಫೆರ್ ಎಂದಾದರೆ ಪುಸ್ತಕ, ಸಪಾರ್ ಎಂದಾದರೆ ಕ್ಷೌರಿಕ, ಸಫಾರ್ ಎಂದಾದರೆ ‘ಎಣಿಸಿದ’. ಸಂದರ್ಭ ನೋಡಿ ಓದುವ ಅಭ್ಯಾಸ ಆ್ಯಪಿನ ಬಿಡಿಬಿಡಿ ವಾಕ್ಯಗಳಿಂದ ಬರುವುದಿಲ್ಲ, ಇಡೀ ಪುಟಗಳನ್ನು ಓದಬೇಕು. ಮೂಲಧಾತು ಹಿಡಿಯುವುದೂ ಹಾಗೇ. ಕ-ತ-ವ ಎಂಬ ಧಾತುವಿನಿಂದ ಕತಾವ್ (ಬರೆದ), ಮಿಖ್ತಾವ್ (ಪತ್ರ), ಕ್ತೋವೆತ್ (ವಿಳಾಸ) ಹುಟ್ಟುತ್ತವೆ. ಆ್ಯಪ್ ಇವನ್ನು ಬೇರೆ ಬೇರೆ ಪದಗಳಂತೆ ಚೆಲ್ಲುತ್ತದೆ. ನೋಟ್‌ಬುಕ್ಕಿನಲ್ಲಿ ಧಾತುವಿಗೊಂದು ಪುಟ ಇಟ್ಟು ನೀವೇ ಕೂಡಿಸಿಕೊಳ್ಳಬೇಕು. ಆಷಾಢದ ಮಳೆಗೆ ಕರೆಂಟು, ಟವರ್ ಎರಡೂ ಹೋದಾಗ ಉಳಿಯುವುದೂ ಆ ನೋಟ್‌ಬುಕ್ಕೇ.

ಲಿಪಿಯ ಮಾತು. 22 ಅಕ್ಷರ, ಪದದ ಕೊನೆಯಲ್ಲಿ ರೂಪ ಬದಲಿಸುವವು 5, ಬರೆಯುವುದು ಬಲದಿಂದ ಎಡಕ್ಕೆ. ಬೇತ್-ಕಾಫ್, ದಾಲೆತ್-ರೇಶ್, ಹೇ-ಹೇತ್ ಜೋಡಿಗಳು ಎಲ್ಲರನ್ನೂ ಎಡವಿಸುತ್ತವೆ. ಪದಗಳನ್ನು ಒತ್ತಿ ಜೋಡಿಸುವುದನ್ನು ಬಿಟ್ಟು ಫೋನಿಗೆ ಹೀಬ್ರೂ ಕೀಬೋರ್ಡ್ ಹಾಕಿ ಟೈಪ್ ಮಾಡಿದರೆ ತಪ್ಪು ಬೇಗ ತಿದ್ದುತ್ತದೆ. ಆದರೆ ಇಸ್ರೇಲಿಗರು ಕೈಯಲ್ಲಿ ಬರೆಯುವ ಅಕ್ಷರ ಅಚ್ಚಿನ ಅಕ್ಷರದಂತಿಲ್ಲ. ಬರೀ ಆ್ಯಪ್ ನಂಬಿದವರು ತರಗತಿಯ ಬೋರ್ಡ್ ನೋಡಿ ಪೆಚ್ಚಾಗುತ್ತಾರೆ.

ಇಂಗ್ಲಿಷ್ ಮೂಲಕ ಕಲಿಯುವುದರಲ್ಲಿ ಇನ್ನೊಂದು ನಷ್ಟವಿದೆ. ‘ಅನಿ ಸ್ತುದೆಂತ್’ ಎಂದರೆ ‘ನಾನು ವಿದ್ಯಾರ್ಥಿ’; ನಡುವೆ ಕ್ರಿಯಾಪದ ಬೇಡ. ‘ಯೆಶ್ ಲಿ ಆಖ್’ ಎಂದರೆ ‘ನನಗೆ ತಮ್ಮನಿದ್ದಾನೆ’ (ಅಣ್ಣನೂ ಆಗಬಹುದು). ‘ಲಿ’ ನಮ್ಮ ‘ನನಗೆ’ಯೇ. ಇಂಗ್ಲಿಷಿನವರಿಗೆ ವಿಚಿತ್ರವೆನಿಸುವ ಈ ರಚನೆಗಳು ಕನ್ನಡದವರಿಗೆ ಮನೆಯ ಮಾತು. ಆ ಪಾಠಗಳನ್ನು ಕನ್ನಡಕ್ಕೆ ಇಟ್ಟು ನೋಡಿ, ಅರ್ಧ ಹೊತ್ತು ಉಳಿಯುತ್ತದೆ. ಉಳಿದ ಹೊತ್ತನ್ನು ಲಿಂಗಕ್ಕೆ ಕೊಡಿ. ಹೀಬ್ರೂವಿನಲ್ಲಿ ನಪುಂಸಕವಿಲ್ಲ, ಮೇಜೂ ಪುಲ್ಲಿಂಗ. ಸಂಖ್ಯೆಗಳಂತೂ ಉಲ್ಟಾ: ಮೂವರು ಗಂಡುಮಕ್ಕಳಿಗೆ ‘ಶ್ಲೋಶಾ ಯೆಲಾದಿಮ್’, ಮೂವರು ಹೆಣ್ಣುಮಕ್ಕಳಿಗೆ ‘ಶಲೋಶ್ ಯೆಲಾದೋತ್’. ‘ಆ’ಕಾರಾಂತ ಕಂಡರೆ ಸ್ತ್ರೀಲಿಂಗ ಎಂದು ಹೊರಟವರು ಇಲ್ಲೇ ಬೀಳುವುದು.

ಇಂಗ್ಲಿಷ್ ಕೋರ್ಸಿಗೆ ಹೋಗುವವರಿಗೆ 5ಕ್ಕೆ 3.5 ಕೊಡಬಹುದು. ಯಾಯೆಲ್ ಬರೆಯುವವರಿಗೆ 1.5 ಕೊಟ್ಟರೇ ಹೆಚ್ಚು, ಅಕ್ಷರ ಕೂತ ಮೇಲೆ ಉಲ್ಪಾನ್ ಮಾದರಿಯ ತರಗತಿಗೆ ಸೇರುವುದು ಕ್ಷೇಮ. ದೇವಶಾಸ್ತ್ರ ಕಾಲೇಜಿಗಾಗಿ ಬೈಬಲಿನ ಹೀಬ್ರೂ ಬೇಕಾದವರು ಇದನ್ನು ಮುಟ್ಟುವುದೇ ಬೇಡ. ಇಂದಿನ ಹೀಬ್ರೂವಿನಲ್ಲಿ ‘ಯೋಮರ್’ ಎಂದರೆ ‘ಹೇಳುವನು’. ಬೈಬಲಿನಲ್ಲಿ ಅದಕ್ಕೆ ‘ವ’ ಸೇರಿ ‘ವಯ್ಯೋಮೆರ್’ ಆದಾಗ ‘ಹೇಳಿದನು’.