ಎಆರ್‌ಇ ಓದಿಗೆ ಯಾವುದು ಹಿತ: ದಪ್ಪ ಪುಸ್ತಕವೋ, ವಿಡಿಯೊ ಪಾಠವೋ, ಮೂಲ ಕರಾರುಪತ್ರವೋ?

ಭಾರತದಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲಿ ಐದು ವರ್ಷದ ಬಿ.ಆರ್ಕ್ ಮುಗಿಸಿದವರು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಾಕು, ಬೇರೊಂದು ಪರೀಕ್ಷೆ ಬರೆಯದೆ ವೃತ್ತಿ ಆರಂಭಿಸಬಹುದು. ಅಮೆರಿಕದಲ್ಲಿ ಲೈಸೆನ್ಸ್ ಕೈಗೆ ಸಿಗಬೇಕಾದರೆ ಅಲ್ಲಿನ ವಾಸ್ತುಶಿಲ್ಪಿ ನೋಂದಣಿ ಮಂಡಳಿಗಳ ಒಕ್ಕೂಟವಾದ ಎನ್‌ಕಾರ್ಬ್ ನಡೆಸುವ ಎಆರ್‌ಇ, ಅಂದರೆ ವಾಸ್ತುಶಿಲ್ಪಿಗಳ ನೋಂದಣಿ ಪರೀಕ್ಷೆಯ ಆರು ವಿಭಾಗಗಳಲ್ಲೂ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು. ಹಗಲೆಲ್ಲ ಕಚೇರಿಯಲ್ಲಿ ದುಡಿದು ಸಂಜೆ ಓದಲು ಕುಳಿತುಕೊಳ್ಳುವವರಿಗೆ ಏನು ಓದಬೇಕೆಂಬುದಕ್ಕಿಂತ ಯಾವುದನ್ನು ಬಿಡಬೇಕೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ನಾನು ಒಂದಾದ ಮೇಲೊಂದರಂತೆ ಬಳಸಿ ನೋಡಿದ ಸಾಮಗ್ರಿಗಳನ್ನು ಇಲ್ಲಿ ಎದುರುಬದುರಾಗಿ ಇಟ್ಟಿದ್ದೇನೆ.

ಆರೂ ವಿಭಾಗಗಳನ್ನು ಒಂದೇ ಸಂಪುಟದಲ್ಲಿ ಅಡಕ ಮಾಡಿದ ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿ ಮುಗಿಸುವ ಹಂಬಲ ನಮ್ಮಲ್ಲಿ ಓದಿದವರಿಗೆ ಸಹಜವಾದುದು. ಮಣ್ಣಿನ ಗುಣ, ತೊಲೆಗಳ ಲೆಕ್ಕ, ಧ್ವನಿ ನಿಯಂತ್ರಣದಂತಹ ವಿಷಯಗಳನ್ನು ಹುಡುಕಿ ನೋಡಲು ಅದಕ್ಕಿಂತ ಅನುಕೂಲವಾದದ್ದು ನನಗೆ ಸಿಗಲಿಲ್ಲ. ಆದರೆ ಅದು ಎಲ್ಲ ಅಧ್ಯಾಯಗಳಿಗೂ ಒಂದೇ ತೂಕ ಕೊಡುತ್ತದೆ, ಪರೀಕ್ಷೆ ಹಾಗೆ ಕೊಡುವುದಿಲ್ಲ. ಹಳೆಯ ಮುದ್ರಣವನ್ನು ಅಗ್ಗಕ್ಕೆ ಕೊಳ್ಳುವವರು ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 2015ರ ಆವೃತ್ತಿಯವರೆಗೆ ಕಚೇರಿ ಬಳಕೆಗೆ ಒಬ್ಬರಿಗೆ 100 ಚದರ ಅಡಿಯೆಂದು ಲೆಕ್ಕ ಹಾಕುತ್ತಿದ್ದುದು 2018ರ ಆವೃತ್ತಿಯಲ್ಲಿ 150 ಆಯಿತು. ಹೀಗಾಗಿ 15,000 ಚದರ ಅಡಿಯ ಕಚೇರಿಗೆ ಒಂದು ಪುಸ್ತಕ 150 ಜನರೆಂದರೆ ಇನ್ನೊಂದು 100 ಎನ್ನುತ್ತದೆ. ಆ ಸಂಖ್ಯೆಯ ಮೇಲೆ ನಿಂತಿರುವ ನಿರ್ಗಮನ ದಾರಿಯ ಅಗಲ, ಶೌಚಾಲಯಗಳ ಲೆಕ್ಕ ಎಲ್ಲವೂ ಅದರೊಂದಿಗೆ ಬದಲಾಗುತ್ತವೆ.

ಚಂದಾ ಕಟ್ಟಿ ನೋಡುವ ವಿಡಿಯೊ ಪಾಠಗಳು ವಿನ್ಯಾಸ ಮತ್ತು ನಿರ್ಮಾಣ ನಕ್ಷೆಗಳಿಗೆ ಸಂಬಂಧಿಸಿದ ಎರಡು ದೊಡ್ಡ ವಿಭಾಗಗಳಿಗೆ, ಅಂದರೆ ಪಿಪಿಡಿ ಮತ್ತು ಪಿಡಿಡಿಗೆ, ಪುಸ್ತಕವನ್ನು ಸುಲಭವಾಗಿ ಹಿಂದಿಕ್ಕುತ್ತವೆ. ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್‌ನ ಗೋಡೆಗೆ ಗಿಲಾವು ಮಾಡಿ ಮುಗಿಸುವುದನ್ನು ನೋಡಿ ಬೆಳೆದ ನನಗೆ ಮರದ ಚೌಕಟ್ಟು, ಶಾಖ ನಿರೋಧಕ, ಗಾಳಿ ತಡೆಯುವ ಪದರ, ಆವಿ ತಡೆಯುವ ಪದರ ಎಂದು ಸಾಲುಗಟ್ಟಿದ ಗೋಡೆಯು ಮುದ್ರಿತ ಚಿತ್ರದಲ್ಲಿ ಅರ್ಥವಾಗುತ್ತಿರಲಿಲ್ಲ. ಮಿನೆಸೋಟದಂತಹ ಚಳಿ ಪ್ರದೇಶದಲ್ಲಿ ಆವಿ ತಡೆಯುವ ಪದರ ಗೋಡೆಯ ಒಳಬದಿಗೆ ಏಕೆ ಬರಬೇಕು, ಅದನ್ನೇ ಮಯಾಮಿಯಲ್ಲಿ ಒಳಬದಿಗೆ ಹಾಕಿದರೆ ಗೋಡೆಯೊಳಗೆ ತೇವ ಹೇಗೆ ಸಿಕ್ಕಿಬೀಳುತ್ತದೆ ಎಂಬುದನ್ನು ಚಲಿಸುವ ಚಿತ್ರದಲ್ಲಿ ನೋಡಿದ ಮೇಲೆ ಬಾಯಿಪಾಠದ ಅಗತ್ಯವೇ ಉಳಿಯಲಿಲ್ಲ. ವಿಡಿಯೊದ ದೋಷವೂ ಈ ಸುಖದಲ್ಲೇ ಇದೆ. ನೋಡುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ, ಪಾಠದ ಕೊನೆಯ ಪ್ರಶ್ನೆಗಳೂ ಆಗಷ್ಟೇ ಹೇಳಿದ್ದನ್ನೇ ಕೇಳುತ್ತವೆ, ತಿಂಗಳ ಚಂದಾ ಮಾತ್ರ ತಪ್ಪದೆ ಕಡಿತವಾಗುತ್ತಿರುತ್ತದೆ.

ವೃತ್ತಿ ನಿರ್ವಹಣೆ, ಯೋಜನಾ ನಿರ್ವಹಣೆ, ನಿರ್ಮಾಣ ಮತ್ತು ಮೌಲ್ಯಮಾಪನ ಎಂಬ ಮೂರು ವಿಭಾಗಗಳ ಮಾತೇ ಬೇರೆ. ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಪ್ರಕಟಿಸುವ ಕರಾರುಪತ್ರಗಳ, ಅದರಲ್ಲೂ ಬಿ101 (ಮಾಲೀಕ ಮತ್ತು ಆರ್ಕಿಟೆಕ್ಟ್ ನಡುವಿನ ಕರಾರು) ಮತ್ತು ಎ201ರ (ನಿರ್ಮಾಣ ಕರಾರಿನ ಸಾಮಾನ್ಯ ಷರತ್ತುಗಳು), ಮೂಲ ಪಠ್ಯಕ್ಕೆ ಇಲ್ಲಿ ಸಮನಾದ ಸಾಮಗ್ರಿ ಇನ್ನೊಂದಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಸಾರಾಂಶಗಳು ಕಲಮುಗಳನ್ನು ಹೇಳುತ್ತವೆ, ಅವುಗಳ ನಡುವಿನ ಸಂಬಂಧವನ್ನು ಕೈಬಿಡುತ್ತವೆ. ಒಂದು ಉದಾಹರಣೆ ನೋಡೋಣ. ಬೆಂಗಳೂರಿನ ಸೈಟಿನಲ್ಲಿ ಗೋಡೆ ಸೊಟ್ಟಗಿದ್ದರೆ ಆರ್ಕಿಟೆಕ್ಟ್ ಮೇಸ್ತ್ರಿಯನ್ನು ಕರೆದು ‘ಇದನ್ನು ಒಡೆದು ಮತ್ತೆ ಕಟ್ಟಿಸಪ್ಪ, ಅಲ್ಲಿಯವರೆಗೆ ಕೆಲಸ ನಿಲ್ಲಲಿ’ ಎನ್ನುವುದು ತೀರ ಸಾಮಾನ್ಯ. ಎ201ರ ಪ್ರಕಾರ ಕರಾರಿಗೆ ಹೊಂದದ ಕೆಲಸವನ್ನು ತಿರಸ್ಕರಿಸುವ ಅಧಿಕಾರ ಆರ್ಕಿಟೆಕ್ಟ್‌ಗಿದೆ, ಕೆಲಸ ನಿಲ್ಲಿಸುವ ಹಕ್ಕು ಮಾಲೀಕನದು, ಕಟ್ಟುವ ವಿಧಾನ ಮತ್ತು ಕಾರ್ಮಿಕರ ಸುರಕ್ಷತೆಯ ಹೊಣೆ ಕಂಟ್ರಾಕ್ಟರನದು. ಪರೀಕ್ಷೆಯ ನಾಲ್ಕು ಉತ್ತರಗಳಲ್ಲಿ ನಮ್ಮ ಸೈಟಿನ ಅನುಭವಕ್ಕೆ ಸರಿಯೆನಿಸುವ ತಪ್ಪು ಉತ್ತರ ಒಂದು ಇದ್ದೇ ಇರುತ್ತದೆಂದು ಭಾವಿಸಿ ಓದುವುದು ಒಳ್ಳೆಯದು. ಬಿಲ್ಲು ಕೈಸೇರಿದ ಏಳು ದಿನಗಳೊಳಗೆ ಆರ್ಕಿಟೆಕ್ಟ್ ಪಾವತಿ ಪ್ರಮಾಣಪತ್ರ ಕೊಡಬೇಕು ಅಥವಾ ತಡೆಹಿಡಿದ ಕಾರಣ ತಿಳಿಸಬೇಕು, ಹೆಚ್ಚುವರಿ ಹಣ ಅಥವಾ ಸಮಯ ಕೇಳುವಂಥ ಹಕ್ಕು ಮಂಡನೆಗೆ 21 ದಿನಗಳ ಗಡುವಿದೆ ಎಂಬಂಥ ಅಂಕಿಗಳೂ ಮೂಲದಲ್ಲಿ ಸಂದರ್ಭದೊಡನೆ ಓದಿದಾಗಲೇ ನೆನಪಿನಲ್ಲಿ ನಿಲ್ಲುತ್ತವೆ. ಭಾಷೆ ಒಣಗಿದ್ದು, ಒಂದು ಬೈಠಕ್ಕಿಗೆ ಕೆಲವೇ ಪುಟಗಳು ಸಾಗುತ್ತವೆ, ನಿಜ.

ಅಭ್ಯಾಸ ಪರೀಕ್ಷೆಗಳ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿಗುವಂತೆ ಹಳೆಯ ಪ್ರಶ್ನೆಪತ್ರಿಕೆಗಳು ಇಲ್ಲಿ ಸಿಗುವುದಿಲ್ಲ, ಏಕೆಂದರೆ ಪ್ರಶ್ನೆಗಳನ್ನು ಬಹಿರಂಗಪಡಿಸುವುದಿಲ್ಲವೆಂದು ಪ್ರತಿಯೊಬ್ಬ ಅಭ್ಯರ್ಥಿಯೂ ಒಪ್ಪಿಕೊಂಡಿರುತ್ತಾನೆ. ಎನ್‌ಕಾರ್ಬ್ ತಾನೇ ಉಚಿತವಾಗಿ ಕೊಡುವ ಅಭ್ಯಾಸ ಪರೀಕ್ಷೆಯಲ್ಲಿ ಪರದೆಯ ವಿನ್ಯಾಸವೂ ಪ್ರಶ್ನೆಯ ಧಾಟಿಯೂ ನಿಜವಾದ ಪರೀಕ್ಷೆಯದೇ ಆಗಿರುವುದರಿಂದ ಹಣಕ್ಕೆ ಮಾರುವ ಪ್ರಶ್ನೆ ಸಂಗ್ರಹಗಳಿಗಿಂತ ಅದನ್ನೇ ಮೇಲೆಂದು ಎಣಿಸುತ್ತೇನೆ. ಖಾಸಗಿ ಸಂಗ್ರಹಗಳಲ್ಲಿ ಕೆಲವು ವ್ಯಾಖ್ಯೆಗಳನ್ನಷ್ಟೇ ಕೇಳುತ್ತವೆ, ಇನ್ನು ಕೆಲವು ಕಷ್ಟವಾಗಿಸುವ ಹಟದಲ್ಲಿ ಯಾರೂ ಕೇಳದ ಮೂಲೆಗಳನ್ನು ಕೆದಕುತ್ತವೆ. ಸರಿಯಾದ ಉತ್ತರಗಳನ್ನೆಲ್ಲ ಗುರುತಿಸಿರೆಂಬ ಪ್ರಶ್ನೆಗಳಿಗೆ ಇಲ್ಲಿ ಅರ್ಧ ಅಂಕವಿಲ್ಲ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು.

ಮತ್ತೊಮ್ಮೆ ಆರಂಭಿಸುವುದಾದರೆ ನಾನು ಕರಾರುಪತ್ರ ಆಧಾರಿತ ಮೂರು ವಿಭಾಗಗಳನ್ನು ಮೊದಲು ಬೆನ್ನುಬೆನ್ನಿಗೆ ಬರೆಯುತ್ತೇನೆ, ಏಕೆಂದರೆ ಒಂದಕ್ಕೆ ಓದಿದ ಬಹುಪಾಲು ಇನ್ನೆರಡಕ್ಕೂ ಉಪಯೋಗಕ್ಕೆ ಬರುತ್ತದೆ. ವಿಡಿಯೊ ಚಂದಾವನ್ನು ಪಿಪಿಡಿ ಮತ್ತು ಪಿಡಿಡಿಯ ಸರದಿ ಬಂದಾಗ ಮಾತ್ರ ಆರಂಭಿಸಿ, ಅವೆರಡನ್ನೂ ಹತ್ತಿರದ ದಿನಾಂಕಗಳಲ್ಲಿ ಮುಗಿಸಿ ನಿಲ್ಲಿಸುತ್ತೇನೆ. ದಪ್ಪ ಪುಸ್ತಕವನ್ನು ಕೊಳ್ಳದೆ ಗ್ರಂಥಾಲಯದಿಂದ ತರಬಹುದು. ಅನುತ್ತೀರ್ಣವಾದ ವಿಭಾಗವನ್ನು ಮತ್ತೆ ಬರೆಯಲು 60 ದಿನ ಕಾಯಬೇಕಾದರೂ ಆ ಅವಧಿಯಲ್ಲಿ ಬೇರೆ ವಿಭಾಗ ಬರೆಯಲು ಅಡ್ಡಿಯಿಲ್ಲ; ಅದಕ್ಕೆ ತಕ್ಕಂತೆ ಮುಂದಿನ ವಿಭಾಗದ ಸಾಮಗ್ರಿಯನ್ನು ಮೊದಲೇ ಹೊಂದಿಸಿಟ್ಟುಕೊಳ್ಳುವುದು ಅನುಕೂಲ.