ಕನೆಕ್ಟಿಂಗ್ ಕ್ಯಾಬಿನ್ ತಗೋಬೇಕಾ ಬ್ಯಾಡಾ: ಮೂರು ಹಡಗಿನ್ಯಾಗ ಮಲಕೊಂಡು ನೋಡಿದ ಹೋಲಿಕೆ

ದೀಪಾವಳಿ ಆದ ಮ್ಯಾಲ ನಮ್ಮ ಬೀಗರ ಪೈಕಿ ಇಬ್ಬರಿಗೆ ಹಡಗಿನ ಹುಚ್ಚು ಹತ್ತೇದ. ಇಬ್ಬರದೂ ಒಂದೇ ಪ್ರಶ್ನೆ, ಮಕ್ಕಳು ಒಂದು ಖೋಲಿ ನಾವೊಂದು ಖೋಲಿ, ನಡುವ ಬಾಗಿಲ ಇರೋ ಕನೆಕ್ಟಿಂಗ್ ಕ್ಯಾಬಿನ್ ತಗೊಂಡ್ರ ಅಡ್ಡಿ ಇಲ್ಲೇನು, ಬಾಜೂದವ್ರ ಗದ್ದಲ ಎಲ್ಲಾ ಕೇಳಸ್ತದಂತಾರಲ್ಲ ಖರೆ ಏನು. ಫೋನಿನ್ಯಾಗ ಹೇಳಿ ಹೇಳಿ ಬಾಯಿ ಒಣಗಿತು, ಅದಕ್ಕ ಒಮ್ಮೆ ಬರದೇ ಬಿಡ್ತೀನಿ. ನಾವು ಮೂರು ಸಲ ಹೋಗಿ ಬಂದೀವಿ, ಮೂರೂ ಸಲ ಖೋಲಿ ಬ್ಯಾರೆ ಬ್ಯಾರೆ ನಮೂನಿ ಸಿಕ್ಕಾವ. ಒಂದು ಸಲ ಬಾಗಿಲ ಆಚೆ ಗುರ್ತು ಪರಿಚಯ ಇಲ್ಲದವ್ರು, ಒಂದು ಸಲ ನಮ್ಮವ್ರೇ, ಒಂದು ಸಲ ಬಾಗಿಲಾನೇ ಇಲ್ಲದ ಸಾದಾ ಗ್ವಾಡಿ.

ಮೊದ್ಲ ನಮ್ಮ ಕಿವಿ ಎಂಥಾವ ಅಂತ ಹೇಳಿಬಿಡ್ತೀನಿ, ಇಲ್ಲಂದ್ರ ಹೋಲಿಕೆಗೆ ಅರ್ಥ ಇಲ್ಲ. ನಮ್ಮದು ಕಲಬುರಗಿಯಾಗ ದಾಲ್ ಮಿಲ್ ಧಂದೆ, ತೊಗರಿ ಸೀಜನ್ ಬಂತಂದ್ರ ಹಗಲೂ ರಾತ್ರಿ ಮಷಿನ್ ನಡೀತಾವ, ಆ ಸಪ್ಪಳದಾಗ ಚೀಲದ ಮ್ಯಾಲೇ ನಿದ್ದಿ ಹೊಡದ ಮನಷ್ಯಾ ನಾನು. ಮನಿನೂ ಹಳೇದು, ಶಹಾಬಾದ ಕಲ್ಲಿನ ಗ್ವಾಡಿ, ಎರಡು ಫೂಟ್ ದಪ್ಪ, ಪಡಸಾಲ್ಯಾಗ ಜಗಳಾ ನಡದ್ರೂ ಒಳಗಿನ ಖೋಲ್ಯಾಗ ಮಲಕೊಂಡವ್ರಿಗೆ ಗೊತ್ತಾಗಂಗಿಲ್ಲ. ನಮ್ಮ ಮನಿಯವಳು ಹಂಗಲ್ಲ, ಹಲ್ಲಿ ಲೊಚ್ಚಂದ್ರ ಎದ್ದು ಕೂಡ್ತಾಳ. ಅಂದ್ರ ಒಂದೇ ಖೋಲ್ಯಾಗ ಎರಡು ನಮೂನಿ ಕಿವಿ ಇದ್ವು, ಜೊತಿಗೆ ಫೋನಿನ್ಯಾಗ ಸಪ್ಪಳ ಅಳೆಯೋ ಒಂದು ಪುಕ್ಕಟ್ಟೆ ಆ್ಯಪ್. ಆ ಆ್ಯಪ್‌ನ ಅಂಕಿ ಬರೋಬ್ಬರಿ ಲ್ಯಾಬಿನ ಅಂಕಿ ಅಲ್ಲ, ಆದ್ರ ಒಂದೇ ಫೋನಿನಿಂದ ಮೂರೂ ಕಡೆ ಅಳದೀನಿ, ಹೆಚ್ಚು ಕಮ್ಮಿ ಯಾವುದಂತ ತಿಳೀಲಿಕ್ಕ ಸಾಕು.

ಮೊದಲನೇ ಸಲ ಮುಂಬೈ–ಗೋವಾ–ಮುಂಬೈ. ಹುಸೇನ್‌ಸಾಗರ ಎಕ್ಸ್‌ಪ್ರೆಸ್ಸಿನ್ಯಾಗ ಹೋಗಿ ಇಳದು, ಬಲ್ಲಾರ್ಡ್ ಪಿಯರ್ ಕಡೆ ಹಡಗು ಹತ್ತಿದ್ವಿ. ಕಮ್ಮಿ ರೇಟಿನ ಟಿಕೀಟು, ಅಂದ್ರ ಕ್ಯಾಬಿನ್ ನಂಬರ್ ನಾವು ಆರಿಸೋ ಹಂಗಿಲ್ಲ, ಅವ್ರು ಕೊಟ್ಟಿದ್ದು ತಗೋಬೇಕು. ನಮಗ ಬಂದದ್ದು ಕನೆಕ್ಟಿಂಗ್ ಕ್ಯಾಬಿನ್. ಒಳಗ ಹೋದ ಕೂಡ್ಲೇ ನಾನು ಅದು ಕಪಾಟ ಅಂತ ತಿಳಕೊಂಡು ಹಿಡಿಕಿ ತಿರುವಿದೆ, ಆಚೆಯಿಂದ ಯಾರೋ ಮರಾಠಿಯಾಗ "ಕೋಣ ಆಹೇ?", ಅಂದ್ರ ಯಾರದು, ಅಂದ್ರು. ಸೊಲ್ಲಾಪುರ ಕಡಿಯವ್ರು.

ಇಲ್ಲಿ ಒಂದು ಮಾತು. ಹೋಟೆಲ್‌ನ್ಯಾಗ ಕನೆಕ್ಟಿಂಗ್ ರೂಮ್ ಅಂದ್ರ ಬಹಳ ಕಡೆ ಎರಡು ಬಾಗಿಲ ಇರ್ತಾವ, ಬೆನ್ನಿಗೆ ಬೆನ್ನು ಹಚ್ಚಿ, ನಡುವ ಗೇಣು ಗಾಳಿ, ಎರಡೂ ಹಾಕಿದ್ರ ಸಪ್ಪಳ ಆ ಗಾಳ್ಯಾಗೇ ಸಾಯ್ತದ. ಹೈದರಾಬಾದಿನ್ಯಾಗ ಒಂದು ಮದುವಿಗೆ ಹೋದಾಗ ಅಂಥಾ ರೂಮಿನ್ಯಾಗ ಇದ್ವಿ, ಏನೂ ತ್ರಾಸ ಆಗಿರ್ಲಿಲ್ಲ. ಈ ಹಡಗಿನ್ಯಾಗ ಇದ್ದದ್ದು ಒಂದೇ ಬಾಗಿಲ, ಕೆಳಗ ಬೆರಳು ಹೋಗೋವಷ್ಟು ಸಂದಿ. ಹಡಗಿನ ಕ್ಯಾಬಿನ್ ಗ್ವಾಡಿನೂ ಇಟ್ಟಂಗಿ ಕಲ್ಲಿಂದಲ್ಲ, ಎರಡು ತೆಳ್ಳನ ಕಬ್ಬಿಣದ ತಗಡು, ನಡುವ ಉಣ್ಣಿಯಂಥಾ ರಾಕ್‌ವುಲ್ ತುಂಬಿರ್ತಾರ. ಆಯಸ್ಕಾಂತದ ಹುಕ್ಕು ತಗೊಂಡು ಹೋದ್ರ ಗ್ವಾಡಿಗೆ ಟಪ್ಪಂತ ಹತ್ಕೋತದ, ಬಟ್ಟಿ ತೂಗಹಾಕ್ಲಿಕ್ಕ ಛಲೋ. ತೂಕ ಕಮ್ಮಿ ಆಗಬೇಕು, ಬೆಂಕಿ ಹತ್ತಬಾರದು ಅಂತ ಹಂಗ ಮಾಡ್ತಾರ, ತಪ್ಪೇನಿಲ್ಲ. ಆದ್ರ ಅಂಥಾ ಗ್ವಾಡ್ಯಾಗ ಮತ್ತ ಒಂದು ಬಾಗಿಲ ಕೊರದ್ರ ಏನಾಗ್ತದ ಅನ್ನೋದು ಕಡ್ಲಿ ಪುಟಾಣಿ ಲೆಕ್ಕ.

ಆ ಲೆಕ್ಕ ನಿಯಮದಾಗೇ ಅದ. ಅಂತಾರಾಷ್ಟ್ರೀಯ ಕಡಲ ಸಂಸ್ಥೆ, ಐಎಂಒ ಅಂತಾರಲ್ಲ, ಅವ್ರದು ಹಡಗಿನ ಸಪ್ಪಳದ ಮ್ಯಾಲೇ ಒಂದು ಕೋಡ್ ಅದ, 2012ರಾಗ ಒಪ್ಪಿದ್ದು, 2014ರ ಜುಲೈ 1ರಿಂದ ಹೊಸಾ ಹಡಗಿಗೆ ಜಾರಿ. ಅದರ ಪ್ರಕಾರ ಕ್ಯಾಬಿನ್ ಕ್ಯಾಬಿನ್ ನಡುವಿನ ಗ್ವಾಡಿ ಕನಿಷ್ಠ 35 ಡೆಸಿಬೆಲ್ (ಸಪ್ಪಳದ ಅಳತಿ) ತಡೀಬೇಕು, ನಡುವ ಬಾಗಿಲ ಇದ್ರ 30 ತಡದ್ರ ನಡೀತದ. ಕಾರಿಡಾರ್ ಮತ್ತ ಕ್ಯಾಬಿನ್ ನಡುವಿಂದೂ ಅದೇ 30. ಅಂದ್ರ ಬಾಗಿಲ ಇರೋ ಕಡೆ ಬಾಜೂದವ್ರು ಅವರ ಖೋಲ್ಯಾಗ ಕುಂತು ಮಾತಾಡಿದ್ರೂ ಒಂದೇ, ನಮ್ಮ ಬಾಗಿಲ ಮುಂದ ಕಾರಿಡಾರಿನ್ಯಾಗ ನಿಂತು ಮಾತಾಡಿದ್ರೂ ಒಂದೇ. ಇದರಾಗ ಮಜಾ ಏನಂದ್ರ ಈ ಕೋಡ್ ಇರೋದು ಹಡಗಿನ ಸಿಬ್ಬಂದಿ ಸಲುವಾಗಿ, ಕೆಲಸ ಮಾಡಿ ದಣದವ್ರು ನಿದ್ದಿ ಮಾಡ್ಲಿ ಅಂತ. ರೊಕ್ಕಾ ಕೊಟ್ಟು ಹೋದ ಪ್ಯಾಸೆಂಜರ್ ಕ್ಯಾಬಿನ್‌ಗೆ ಅದು ಲಾಗೂ ಇಲ್ಲ!

ಇಷ್ಟೆಲ್ಲಾ ಇದ್ರೂ ಮೊದಲನೇ ರಾತ್ರಿ ನಾನು ಗಡದ್ದಾಗಿ ಮಲಗಿದೆ. ಎಂಜಿನ್ ಗುಂಯ್ ಅಂತಿತ್ತು, ಏಸಿ ಭುರ್ ಅಂತಿತ್ತು, ಆ್ಯಪ್‌ನ್ಯಾಗ 46–47 ಡೆಸಿಬೆಲ್ ತೋರಿಸ್ತಿತ್ತು, ನಮ್ಮ ಮಿಲ್ಲಿನ ಮುಂದ ಅದೇನು. ತ್ರಾಸ ಶುರು ಆಗಿದ್ದು ಮರುದಿನ ಮಧ್ಯಾಹ್ನ. ಹಡಗು ಮುರ್ಮುಗಾವ್ ಬಂದರಿನ್ಯಾಗ ನಿಂತಿತ್ತು, ಮಗಂಗ ಸಣ್ಣಗ ಜ್ವರ, ನಾವು ಕೆಳಗಿಳೀಲಿಲ್ಲ. ಎಂಜಿನ್ ಗುಂಯ್ ನಿಂತಿತು ನೋಡ್ರಿ, ಆ್ಯಪ್ 40ಕ್ಕ ಇಳೀತು, ಖರೆ ಹೇಳಬೇಕಂದ್ರ ಖೋಲಿ ಶಾಂತ ಆಯ್ತು, ಆ ಶಾಂತಿನೇ ಘಾತ ಮಾಡ್ತು. ಬಾಜೂ ಖೋಲಿ ಮಾತು ಒಂದೊಂದು ಅಕ್ಷರ ಬಿಡಿಸಿ ಕೇಳಿಸ್ಲಿಕ್ಕತ್ತು. ಅವರ ತಂಗಿ ಮಗನ ಸಾಖರಪುಡಾ (ಮದುವಿ ನಿಶ್ಚಯ), ಮಂಗಲ ಕಾರ್ಯಾಲಯದ ಭಾಡಿಗಿ ಯಾರು ಕೊಡೋದು, ಹುಡುಗಿ ಕಡಿಯವ್ರು ಎಷ್ಟು ಮಂದಿ ತರ್ತಾರ, ಸಂಜಿಮಟ ನಮ್ಮ ಮನಿಯವಳಿಗೆ ಆ ಮನಿತನದ ಇತಿಹಾಸ ಪೂರಾ ಬಾಯಿಪಾಠ.

ನಮ್ಮ ಕಡಿಯವ್ರಿಗೆ ಇದೊಂದು ಶಾಪ ನೋಡ್ರಿ. ಮನ್ಯಾಗ ಕನ್ನಡ, ಬಜಾರಿನ್ಯಾಗ ಉರ್ದು ಬೆರಸಿದ ಹಿಂದಿ, ಸೊಲ್ಲಾಪುರ ಉದಗೀರ ಕಡಿ ವ್ಯಾಪಾರದಿಂದ ಮರಾಠಿ, ತಾಂಡೂರ ಸೇಡಂ ಕಡಿಯಿಂದ ತೆಲುಗು, ನಾಲ್ಕೂ ಅರ್ಥ ಆಗ್ತಾವ. ಅರ್ಥ ಆಗೋ ಮಾತು ಕಿವಿಗೆ ಬಿತ್ತಂದ್ರ ತಲಿ ಅದರ ಹಿಂದ ಓಡ್ತದ, ನಿದ್ದಿ ಎಲ್ಲಿಂದ ಬರ್ತದ. 47ರ ಎಂಜಿನ್‌ನ್ಯಾಗ ಮಲಗಿದ ನಾನು 40ರಾಗ ಎದ್ದು ಕುಂತಿದ್ದೆ. ಅದಕ್ಕ ಯಾರರ ಬರೇ ಡೆಸಿಬೆಲ್ ಹೇಳಿ ಈ ಹಡಗು ಶಾಂತ ಆ ಹಡಗು ಗದ್ದಲ ಅಂದ್ರ ನಾನು ಪೂರಾ ನಂಬಂಗಿಲ್ಲ.

ರಾತ್ರಿ ದೊಡ್ಡ ಟವೆಲ್ ಸುರುಳಿ ಸುತ್ತಿ ಬಾಗಿಲ ಕೆಳಗಿನ ಸಂದ್ಯಾಗ ತುರುಕಿದ್ವಿ. ಅರ್ಧಕ್ಕರ್ಧ ಫರಕ್ ಬಿತ್ತು, ಮಾತು ಕೇಳಸ್ತಿತ್ತು ಆದ್ರ ಏನು ಮಾತು ಅಂತ ತಿಳೀತಿರ್ಲಿಲ್ಲ, ನಮಗ ಬೇಕಾದ್ದೂ ಅಷ್ಟೇ. ಖೋಲಿ ಬದಲಿ ಮಾಡಿಕೊಡ್ರಿ ಅಂತ ಕೇಳಿದ್ವಿ, ಹಡಗು ಫುಲ್ ಅಂದ್ರು. ಇರ್ಲಿ ಬಿಡು ಅಂತ ಮುಂಜಾನಿ ನಾಷ್ಟಾಕ್ಕ ಹೋದ್ರ ಆ ಸೊಲ್ಲಾಪುರದ ಹೆಣ್ಣಮಗಳು ತಾವೇ ಎದ್ದು ಬಂದು, ಮಗನ ಜ್ವರ ಇಳೀತೇನು, ರಾತ್ರಿ ಭಾಳ ಅಳ್ತಿದ್ನಲ್ಲ ಅಂತ ಕೇಳಿದ್ರು. ನನ್ನ ಕೈಯಾಗಿನ ಇಡ್ಲಿ ಅಲ್ಲೇ ನಿಂತಿತು. ನಾವು ಅವರ ಬಗ್ಗೆ ಎರಡು ದಿನ ಏನೇನು ಮಾತಾಡಿದ್ವಿ ಅಂತ ನಾನೂ ನಮ್ಮ ಮನಿಯವಳೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಸೊಲ್ಲಾಪುರದವ್ರಿಗೆ ಕನ್ನಡ ಬರಂಗಿಲ್ಲ ಅಂತ ತಿಳಕೊಂಡಿದ್ದು ನಮ್ಮ ದಡ್ಡತನ.

ಎರಡನೇ ಸಲ ಸಿಂಗಾಪುರದಿಂದ, ಪೆನಾಂಗ್ ಫುಕೆಟ್ ಸುತ್ತಿ ವಾಪಸ್. ದೊಡ್ಡ ಹೊಸಾ ಹಡಗು. ಈ ಸಲ ಕನೆಕ್ಟಿಂಗ್ ನಾವೇ ಬೇಕಂತ ಕೇಳಿ ತಗೊಂಡ್ವಿ, ಒಂದ್ರಾಗ ಅಪ್ಪ ಅವ್ವ, ಇನ್ನೊಂದ್ರಾಗ ನಾವು. ಡೆಕ್ ಪ್ಲಾನ್, ಅಂದ್ರ ಹಡಗಿನ ಒಂದೊಂದು ಅಂತಸ್ತಿನ ನಕ್ಷೆದಾಗ ಎರಡು ಕ್ಯಾಬಿನ್ ನಡುವ ಸಣ್ಣ ಬಾಣದ ಗುರುತು ಇಲ್ಲಾ ತ್ರಿಕೋನ ಹಾಕಿರ್ತಾರ, ಅದೇ ಕನೆಕ್ಟಿಂಗ್ ಅಂತ, ನಕ್ಷೆ ಮೂಲ್ಯಾಗ ಅರ್ಥ ಬರದಿರ್ತಾರ, ಬುಕ್ ಮಾಡೋ ಮುಂದ ಕಣ್ಣಿಗೆ ಚಶ್ಮಾ ಹಾಕ್ಕೊಂಡು ನೋಡ್ರಿ.

ಇದು ಬಂಗಾರದಂಥಾ ವ್ಯವಸ್ಥಾ, ಹಗಲಿನ್ಯಾಗ. ಬಾಗಿಲ ತಗದಿಟ್ರ ಎರಡು ಖೋಲಿ ಒಂದೇ ಮನಿ ಆಗ್ತದ, ಮಗ ಅಜ್ಜನ ಹತ್ತಿರ ಓಡ್ತಾನ, ಅವ್ವ ಕಲಬುರಗಿಯಿಂದ ಕಟ್ಟಿ ತಂದ ಖಡಕ್ ರೊಟ್ಟಿ ಶೇಂಗಾ ಹಿಂಡಿ ಡಬ್ಬಿ ಆ ಖೋಲಿಯಿಂದ ಈ ಖೋಲಿಗೆ ಓಡಾಡ್ತದ, ಯಾರೂ ಕಾರಿಡಾರಿನ್ಯಾಗ ಚಪ್ಲಿ ಹುಡುಕೋ ಹಂಗಿಲ್ಲ. ಬಾಲ್ಕನಿ ನಡುವಿನ ಪರದೇನೂ ಖೋಲಿ ನೋಡಿಕೊಳ್ಳೋ ಹುಡುಗ ತಗದು ಕೊಟ್ಟ. ದಿನಾ ಬೆಳಿಗ್ಗೆ ಅಜ್ಜಂಗ ಚಹಾ ಒಯ್ಯೋದು ಮೊಮ್ಮಗನ ಡ್ಯೂಟಿ.

ರಾತ್ರಿ? ಹೊಸಾ ಹಡಗು ಎಷ್ಟು ಶಾಂತ ಅಂದ್ರ ಆ್ಯಪ್ 36ರ ಆಸುಪಾಸು. ಎಂಜಿನ್ ಅನ್ನೋದು ಅದನೋ ಇಲ್ಲೋ ಗೊತ್ತಾಗ್ತಿರ್ಲಿಲ್ಲ. ಅಷ್ಟು ಶಾಂತ ಇದ್ದಲ್ಲಿ ನಮ್ಮ ಅಪ್ಪನ ಗೊರಕಿ ಹೆಂಗ ಕೇಳಿಸಿರಬೇಕು ನೀವೇ ವಿಚಾರ ಮಾಡ್ರಿ. ಬಾಗಿಲ ಹಾಕಿ ಟವೆಲ್ ತುರುಕಿದ್ರೂ 41–42. ಮ್ಯಾಲಿಂದ ಅಪ್ಪ ನಾಲ್ಕಕ್ಕ ಎದ್ದು ಫೋನಿನ್ಯಾಗ ವಚನ ಹಚ್ತಾರ, ಮನ್ಯಾಗ ಹಚ್ಚೋ ವಾಲ್ಯೂಮ್ ಅದೇ. ಆದ್ರೂ ನೋಡ್ರಿ, ನಮ್ಮ ಮನಿಯವಳು ಈ ಸಲ ಅಷ್ಟು ಹೈರಾಣ ಆಗಲಿಲ್ಲ, ಯಾಕ ಅಂತ ಕೇಳಿದ್ರ "ಮಾವನ ಗೊರಕಿ ನಿಂತ್ರ ನನಗ ಗಾಬರಿ, ಕೇಳಸ್ತದಂದ್ರ ಸಮಾಧಾನ" ಅಂದ್ಳು. ತ್ರಾಸ ಆಗಿದ್ದು ಬ್ಯಾರೆ ತರ, ನಾವಿಬ್ಬರು ಗಂಡ ಹೆಂಡತಿ ಆರು ದಿನ ಪಿಸುಮಾತಿನ್ಯಾಗೇ ಸಂಸಾರ ಮಾಡಿದ್ವಿ, ಫುಕೆಟ್‌ನ್ಯಾಗ ಖರೀದಿ ಮಾಡಿದ್ದರ ಬಗ್ಗೆ ಆದ ಜಗಳಾನೂ ಪಿಸುಮಾತಿನ್ಯಾಗೇ. ಇನ್ನೊಂದು ಬಾಜೂ ಸಾದಾ ಗ್ವಾಡಿ ಆಚೆ ಒಂದು ಚೀನೀ ಕುಟುಂಬ ಇತ್ತು, ದೊಡ್ಡ ದನಿಲೇ ಮಾತಾಡೋರು, ಅಷ್ಟು ಇಷ್ಟು ಕೇಳಸ್ತಿತ್ತು ಆದ್ರ ಒಂದಕ್ಷರ ತಿಳೀತಿರ್ಲಿಲ್ಲ, ಮಳಿ ಬಂದಂಗ ಕೇಳಿ ಮಲಗಿದ್ವಿ.

ಮೂರನೇದು ಮುಂಬೈಯಿಂದ ಲಕ್ಷದ್ವೀಪ, ಎರಡು ಅನುಭವದ ಜಾಣತನದಿಂದ ಹಟ ಹಿಡದು ಬಾಗಿಲ ಇಲ್ಲದ ಕ್ಯಾಬಿನ್ ತಗೊಂಡೆ, ಹೆಚ್ಚಿನ ರೊಕ್ಕಾ ಕೊಟ್ಟು ನಂಬರ್ ಆರಿಸಿಕೊಂಡೆ. ಬಾಜೂದವ್ರ ಸದ್ದಿಲ್ಲ, ಟೀವಿ ಹಚ್ಚಿದ್ರೂ ಮೆಲ್ಲಕ ಗುಣುಗುಣು ಅಷ್ಟೇ, ಮಾತು ತಿಳೀಲಿಲ್ಲ. ಗೆದ್ದೆ ಅಂದ್ಕೊಂಡೆ. ಮುಂಜಾನಿ ಐದೂವರಿಗೆ ತಲಿ ಮ್ಯಾಲ ಕರ್‌ರ್‌ರ್ ಅಂತ ಯಾರೋ ಕಬ್ಬಿಣದ ಕಪಾಟ ಎಳದಂಗಾಯ್ತು. ನಮ್ಮ ಮ್ಯಾಲಿನ ಡೆಕ್ ಈಜುಕೊಳದ್ದು, ಹುಡುಗರು ಕುರ್ಚಿ ಜೋಡಸ್ತಿದ್ರು! ನಕ್ಷೆದಾಗ ಬಾಣದ ಗುರುತು ಹುಡುಕೋ ಭರದಾಗ ಮ್ಯಾಲಿನ ಡೆಕ್ ನೋಡೋದೇ ಮರತೀನಿ. ಆ್ಯಪ್ ಒಮ್ಮೊಮ್ಮೆ 60 ದಾಟ್ತಿತ್ತು, ಮೂರೂ ಟ್ರಿಪ್‌ನ್ಯಾಗ ಅದೇ ಎಲ್ಲಕ್ಕಿಂತ ಜಾಸ್ತಿ, ಕನೆಕ್ಟಿಂಗ್ ಬಾಗಿಲ ಇದರ ಮುಂದ ಏನೂ ಅಲ್ಲ. ಅದರ ಮ್ಯಾಲ ದ್ವೀಪ ಮುಟ್ಟಿದಾಗ ಅಲ್ಲಿ ಹಡಗು ದಂಡಿಗೆ ಹಚ್ಚೋ ಹಂಗಿಲ್ಲ, ದೂರ ನಿಂದ್ರಿಸಿ ಸಣ್ಣ ಬೋಟಿನ್ಯಾಗ ಇಳಸ್ತಾರ, ಲಂಗರು ಬಿಡೋವಾಗ ಸರಪಳಿ ಗಡಗಡಗಡ, ನಮ್ಮ ಕ್ಯಾಬಿನ್ ಮುಂದಿನ ಮೂತಿ ಕಡೆ ಇದ್ದದ್ದಕ್ಕ ಹಾಸಗಿ ಸಮೇತ ನಡುಗಿತು. ಬಂದರಿನ್ಯಾಗ ಅಡ್ಡಡ್ಡ ಸರಿಸೋ ಬೋ ಥ್ರಸ್ಟರ್ ಅಂತಾರಲ್ಲ, ಅದೂ ಮೂತಿ ಕಡೇನೇ ಕೆಳಗ ಇರ್ತದ. ಕೆಳಗಿನ ಡೆಕ್ ಹಿಂದಿನ ತುದಿ ತಗೊಂಡ್ರ ಎಂಜಿನ್, ಪ್ರೊಪೆಲ್ಲರ್ ನಡುಗ. ಲಿಫ್ಟಿನ ಹತ್ತಿರ ತಗೊಂಡ್ರ ನಡುರಾತ್ರಿ ಪಾರ್ಟಿ ಮುಗಿಸಿ ಬರೋರ ನಗು. ಮ್ಯಾಲೂ ಕೆಳಗೂ ಬರೇ ಕ್ಯಾಬಿನ್ನೇ ಇರೋ ನಡುವಿನ ಡೆಕ್, ನಡುವಿನ ಭಾಗ, ಅದು ಸಿಕ್ರ ಬಾಗಿಲ ಇದ್ರೂ ನಡದೀತು.

ಹಂಗಾದ್ರ ಬೀಗರಿಗೆ ಏನು ಹೇಳೋದು. ಎರಡೂ ಕ್ಯಾಬಿನ್ ನಿಮ್ಮವೇ ಇದ್ದು, ಸಣ್ಣ ಮಕ್ಕಳು ಇಲ್ಲಾ ವಯಸ್ಸಾದವ್ರು ಇದ್ರ ಕನೆಕ್ಟಿಂಗೇ ತಗೋರಿ, ಕಣ್ಣು ಮುಚ್ಚಿ. ಒಂದೇ ಕ್ಯಾಬಿನ್ ತಗೋತಿದ್ರ ಕನೆಕ್ಟಿಂಗ್ ಬ್ಯಾಡ, ಆದ್ರ ಅದನ್ನ ತಪ್ಪಿಸೋ ಗಡಿಬಿಡ್ಯಾಗ ನನ್ನಂಗ ಕುರ್ಚಿ ಕೆಳಗ ಹೋಗಿ ಮಲಗಬ್ಯಾಡ್ರಿ. ಹೊಸಾಗಿ ಮದುವಿ ಆದವ್ರು ಅತ್ತಿ ಮಾವನ ಜೋಡಿ ಕನೆಕ್ಟಿಂಗ್ ತಗೊಂಡ್ರ ಅದು ಅವರ ಹಣೇಬರಹ, ನನ್ನ ಕೇಳಬ್ಯಾಡ್ರಿ.

ನಾವು ಬರೋ ವರ್ಷಕ್ಕ ಎದುರು ಬದುರು ಕ್ಯಾಬಿನ್ ಹಿಡದೀವಿ, ನಡುವ ಕಾರಿಡಾರ್, ಎರಡು ಬಾಗಿಲ ದಾಟಿ ಗೊರಕಿ ಬರಬೇಕು. ನಮ್ಮ ಮನಿಯವಳಿಗೆ ಖುಷಿ. ಅಪ್ಪಗ ಹೇಳಿದ್ರ ಅವ್ರು ಸ್ವಲ್ಪ ಹೊತ್ತು ಸುಮ್ಕಿದ್ದು, "ಮತ್ತ ನನ್ನ ಚಹಾ ಯಾರ ತರ್ತಾರ?" ಅಂದ್ರು.