ಲಿನಕ್ಸ್ ಮಿಂಟ್ ಮತ್ತು ಪದೇ ಪದೇ ಮಲಗುವ ಮೌಸ್: ಗಂಗಾವತಿಯ ಭತ್ತದ ಅಂಗಡಿಯಿಂದ

ಮೌಸ್‌ನಿಂದ ಎರಡು ಸೆಕೆಂಡ್ ಕೈ ತೆಗೆದರೆ ಸಾಕು, ಅದು ನಿಂತುಬಿಡುತ್ತಿತ್ತು. ಅಲುಗಾಡಿಸಿದರೂ ಬಾಣ ಕದಲುತ್ತಿರಲಿಲ್ಲ. ಬಟನ್ ಒತ್ತಿದರೆ ಮಾತ್ರ ಎಚ್ಚರವಾಗುತ್ತಿತ್ತು. ಎಬ್ಬಿಸಲು ಒತ್ತಿದ ಆ ಕ್ಲಿಕ್ ಬಾಣ ನಿಂತ ಜಾಗದಲ್ಲೇ ಬೀಳುತ್ತಿತ್ತು. ಹಾಗಾಗಿ ಒಬ್ಬ ರೈತರ ರೇಟು ಇನ್ನೊಬ್ಬರ ಸಾಲಿಗೆ ಹೋಗುವ ಭಯ. ಸುಗ್ಗಿಯ ಹೊತ್ತಿನಲ್ಲಿ ಇದು ಸಣ್ಣ ತೊಂದರೆ ಅಲ್ಲ.

ಗಂಗಾವತಿಯ ಒಂದು ಭತ್ತದ ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. 75 ಕೆಜಿ ಚೀಲದ ಲೆಕ್ಕ, ತೂಕ, ಹಮಾಲಿ, ಮುಂಗಡ, ಎಲ್ಲವೂ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದ ಲೆಕ್ಕದ ಹಾಳೆಯಲ್ಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಉಚಿತ ಅಪ್‌ಡೇಟ್ ನಿಲ್ಲುತ್ತದೆ ಎಂದು ಮೊದಲೇ ಹೇಳಿದ್ದರು. ನಮ್ಮ ಹಳೇ ಮಷಿನ್ ವಿಂಡೋಸ್ 11ಕ್ಕೆ ಆಗುತ್ತಿರಲಿಲ್ಲ. ಹೊಸ ಲ್ಯಾಪ್‌ಟಾಪ್‌ಗೆ ಸಾಹುಕಾರರು ದುಡ್ಡು ಬಿಚ್ಚುವವರಲ್ಲ. ಹೀಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಯೇ ಕೊಡುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದೆವು. ಇದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ನಮಗೆ ಅಷ್ಟು ಸಾಕು.

ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ನನ್ನ ಮೊದಲ ಕೆಲಸ ಧೂಳು ಒರೆಸುವುದು. ಭತ್ತದ ಸುಂಕು ಎಲ್ಲಿಗೂ ನುಗ್ಗುತ್ತದೆ. ಕೀಬೋರ್ಡನ್ನು ಬೋರಲು ಹಾಕಿ ತಟ್ಟುತ್ತೇನೆ, ಮೌಸ್‌ನ ಹೊಟ್ಟೆಯ ಕಣ್ಣನ್ನು ಬಟ್ಟೆಯ ತುದಿಯಿಂದ ಒರೆಸುತ್ತೇನೆ, ಆಮೇಲೆ ಸ್ವಿಚ್. ಕನ್ನಡ ಟೈಪ್ ಮಾಡುವ ಕಗಪ ಕೀಲಿಮಣೆ ವಿನ್ಯಾಸ ಸಿಸ್ಟಮ್‌ನಲ್ಲೇ ಇದೆ, ಬೇರೆ ತಂತ್ರಾಂಶ ಬೇಡ. ಕಾರಟಗಿ, ಕನಕಗಿರಿ, ಶ್ರೀರಾಮನಗರ ಎಂದು ಊರಿನ ಹೆಸರು ಕನ್ನಡದಲ್ಲೇ ಹೊಡೆದು ಪಟ್ಟಿ ತೆಗೆದು ಕೊಟ್ಟಾಗ, ಹಿರಿಯರು ಅದನ್ನು ತಾವೇ ಓದಿ ನೋಡಿ ಜೇಬಿಗೆ ಇಟ್ಟುಕೊಳ್ಳುತ್ತಾರೆ. ಈ ಒಂದು ಕಾರಣಕ್ಕೇ ನನಗೆ ಈ ಸಿಸ್ಟಮ್ ಮೇಲೆ ಪ್ರೀತಿ ಹುಟ್ಟಿತು.

ಆದರೆ ಮೌಸ್! ಮೊದಲು ಸುಂಕಿನ ಮೇಲೆ ಅನುಮಾನ ಬಂತು. ಒರೆಸಿದರೂ ಅದೇ ಕಥೆ. ಬೇರೆ ಮೌಸ್ ಹಾಕಿದರೂ ಅಷ್ಟೇ, ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದರೂ ಅಷ್ಟೇ. ಇದೇ ಮೌಸ್ ಸಾಹುಕಾರರ ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿತ್ತು. "ಮತ್ತ ನಿಂತಿತೇನ್ರೀ ಅಕ್ಕಾರ?" ಎಂದು ಹಮಾಲರು ಕೇಳುವಾಗ ಸಿಟ್ಟೇ ಬರುತ್ತಿತ್ತು. ಮಾರಿದ ಅಂಗಡಿಗೆ ಫೋನ್ ಮಾಡಿದರೆ, "ಲಿನಕ್ಸ್ ಅಂದ್ರೆ ಹಂಗೇ ಮೇಡಂ, ವಿಂಡೋಸ್ ಹಾಕಿಸ್ಕೊಳ್ರಿ" ಅಂದರು. ಅದು ಸುಳ್ಳು ಮಾತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸುಳಿವು ಸಿಕ್ಕಿದ್ದು ಮೌಸ್‌ನ ಕೆಂಪು ದೀಪದಲ್ಲಿ. ಕೈ ಬಿಟ್ಟ ಎರಡು ಸೆಕೆಂಡಿಗೆ ದೀಪ ಆರುತ್ತಿತ್ತು. ಅಂದರೆ ಮೌಸ್ ಕೆಟ್ಟಿಲ್ಲ, ಯಾರೋ ಅದನ್ನು ಮಲಗಿಸುತ್ತಿದ್ದಾರೆ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿದರೆ ಟರ್ಮಿನಲ್, ಅಂದರೆ ಆದೇಶ ಟೈಪ್ ಮಾಡುವ ಕಿಟಕಿ, ತೆರೆಯುತ್ತದೆ, ಮೌಸ್ ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಪ್ರತಿ ಯುಎಸ್‌ಬಿ ಸಾಧನಕ್ಕೂ ಸಿಸ್ಟಮ್ ಒಳಗೆ ಒಂದು ಫೋಲ್ಡರ್ ಇರುತ್ತದೆ. ಅದರಲ್ಲಿ 'ಪವರ್' ಎಂಬ ಇನ್ನೊಂದು ಫೋಲ್ಡರ್, ಅದರೊಳಗೆ 'ಕಂಟ್ರೋಲ್' ಎಂಬ ಫೈಲ್. ನಮ್ಮ ಮೌಸ್‌ನ ಫೈಲಿನಲ್ಲಿ 'ಆಟೋ' ಎಂದಿತ್ತು. ಹಾಗಿದ್ದರೆ ಕೆಲಸವಿಲ್ಲದಾಗ ಸಾಧನವನ್ನು ಮಲಗಿಸಬಹುದು ಎಂದರ್ಥ. 'ಆನ್' ಎಂದಿದ್ದರೆ ಮಲಗಿಸುವ ಹಾಗಿಲ್ಲ. ಎರಡು ಸೆಕೆಂಡ್ ಎಂಬ ಅವಧಿಯೂ ಅಲ್ಲೇ ಪಕ್ಕದ ಫೈಲಿನಲ್ಲಿ 2000 ಮಿಲಿಸೆಕೆಂಡ್ ಎಂದು ಬರೆದಿತ್ತು. ಅದನ್ನು ನೋಡಿದಾಗ ಆದ ಖುಷಿ ಹೇಳತೀರದು.

ಲಿನಕ್ಸ್‌ನ ತಿರುಳಾದ ಕರ್ನಲ್ ತಾನಾಗಿ ಹೀಗೆ ಮಾಡುವುದಿಲ್ಲ. ಅದರ ಮೂಲ ನಿಯಮದಲ್ಲಿ ಒಂದು ಪೋರ್ಟನ್ನು ಹಲವು ಮಾಡುವ ಯುಎಸ್‌ಬಿ ಹಬ್‌ಗಳಿಗೆ ಮಾತ್ರ ಈ ನಿದ್ದೆ. ಮಾರಿದವರು ಬ್ಯಾಟರಿ ಜಾಸ್ತಿ ಬರಲಿ ಎಂದು ಪವರ್‌ಟಾಪ್ ಎಂಬ ತಂತ್ರಾಂಶ ಹಾಕಿ, ಅದರ ಆಟೋ ಟ್ಯೂನ್ ಪ್ರತಿ ಸಲ ಸ್ಟಾರ್ಟ್ ಆದಾಗ ಓಡುವ ಹಾಗೆ ಬಿಟ್ಟಿದ್ದರು. ಅದು ಮೌಸ್, ಕೀಬೋರ್ಡ್ ಎಂದು ನೋಡದೆ ಎಲ್ಲಕ್ಕೂ ವಿದ್ಯುತ್ ಉಳಿತಾಯ ಹಚ್ಚುತ್ತದೆ. ನಮಗೆ ಒಂದು ಮಾತು ಹೇಳಬಹುದಿತ್ತು ಅಲ್ವಾ?

ಪವರ್‌ಟಾಪನ್ನೇ ತೆಗೆದರೆ ಕೆಲಸ ಸುಲಭ. ಆದರೆ ಬೇಸಿಗೆಯಲ್ಲಿ ಇಲ್ಲಿ ಕರೆಂಟು ಹೋಗಿ ಬರುತ್ತಿರುತ್ತದೆ, ಬ್ಯಾಟರಿ ನಮಗೆ ಮುಖ್ಯ. ಅದಕ್ಕೆ ಮೌಸ್ ಒಂದಕ್ಕೆ ವಿನಾಯಿತಿ ಕೊಡುವ ನಿಯಮವನ್ನು ಯುಡೆವ್‌ಗೆ, ಅಂದರೆ ಸಾಧನ ಚುಚ್ಚಿದಾಗ ಅದನ್ನು ಗುರುತಿಸಿ ಸಜ್ಜು ಮಾಡುವ ಲಿನಕ್ಸ್‌ನ ಭಾಗಕ್ಕೆ, ಬರೆದೆ. ಕಿತ್ತು ಚುಚ್ಚಿದರೆ ಸರಿಯಾಗುತ್ತಿತ್ತು, ಮರುದಿನ ಬೆಳಿಗ್ಗೆ ಮತ್ತೆ ಅದೇ ಗೋಳು. ಕಾರಣ ಸರದಿ. ಸ್ಟಾರ್ಟ್ ಆಗುವಾಗ ಯುಡೆವ್ ಮೊದಲು 'ಆನ್' ಬರೆಯುತ್ತದೆ, ಹಿಂದೆಯೇ ಪವರ್‌ಟಾಪ್ ಬಂದು 'ಆಟೋ' ಮಾಡುತ್ತದೆ. ಪವರ್‌ಟಾಪನ್ನು ಸ್ಟಾರ್ಟ್‌ನಲ್ಲಿ ಓಡಿಸುವ ಸರ್ವಿಸ್ ಫೈಲಿನಲ್ಲೇ, ಅದರ ಕೆಲಸ ಮುಗಿದ ಮೇಲೆ ಮೌಸ್‌ಗೆ 'ಆನ್' ಬರೆಯುವ ಒಂದು ಸಾಲು ಸೇರಿಸಿದ ಮೇಲೆ ಆ ಗೋಳು ಶಾಶ್ವತವಾಗಿ ತಪ್ಪಿತು. ಆ ಸಾಲಿನಲ್ಲಿ ಪೋರ್ಟಿನ ಸಂಖ್ಯೆ ಇರುವುದರಿಂದ ಮೌಸ್ ಅದೇ ಪೋರ್ಟಿನಲ್ಲಿ ಇರಬೇಕು. ಗುರುತಿಗೆ ಅಲ್ಲಿ ಕೆಂಪು ಟೇಪ್ ಅಂಟಿಸಿದ್ದೇನೆ.

ಮೌಸ್ ಇಲ್ಲದೆ ಕಳೆದ ದಿನಗಳಲ್ಲಿ ಕೀಬೋರ್ಡಿಗೆ ಕೈ ಕೂತಿತು. ಕಂಟ್ರೋಲ್ ಜೊತೆ ಕೆಳಗಿನ ಬಾಣ ಒತ್ತಿದರೆ ಕೊನೆಯ ಸಾಲು, ಕಂಟ್ರೋಲ್ ಜೊತೆ ಸೆಮಿಕೋಲನ್ ಒತ್ತಿದರೆ ಇವತ್ತಿನ ತಾರೀಖು. ಈಗ ಮೌಸ್ ಸರಿಯಿದ್ದರೂ ಲೆಕ್ಕದ ಅರ್ಧ ಕೆಲಸ ಹೀಗೇ ಮುಗಿಯುತ್ತದೆ, ಬೇಗವೂ ಆಗುತ್ತದೆ.

ಯುಎಸ್‌ಬಿ ನಿದ್ದೆಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಇರಬೇಕಿತ್ತು, ಎಲ್ಲರೂ ಟರ್ಮಿನಲ್ ತೆರೆಯುವವರಲ್ಲ. ಅದಕ್ಕೆ ಮಿಂಟ್‌ಗೆ ಒಂದು ಸ್ಟಾರ್ ಕಡಿಮೆ, ಐದಕ್ಕೆ ನಾಲ್ಕು. ಲಿನಕ್ಸ್ ಹಾಕಿದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲೇ ಮೌಸ್ ಚುಚ್ಚಿ, ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟು ಅಲುಗಾಡಿಸಿ ನೋಡಿ. ಬಾಣ ಕದಲದಿದ್ದರೆ ದುಡ್ಡು ಕೊಡುವ ಮುಂಚೆ ಪವರ್‌ಟಾಪ್ ಹಾಕಿದ್ದೀರಾ ಎಂದು ಕೇಳಿ.